ಕಟಕಟೆ ಹತ್ತಿದ ನಾಗಸ್ವರ

ನಾನು ಒಂದು ನಾಗಸ್ವರ. ಕೆಡವಿದ ಹಳೆಯ ಮನೆಯೊಂದರ ತೊಲೆ ಕೊರೆದು, ತೂತು ತೆಗೆದು ನನ್ನನ್ನು ಮಾಡಿದರು. ಮುಳಬಾಗಿಲಿನ ಓಲಗದವರ ಮನೆ ಸೇರಿದೆ. ಅಪ್ಪನ ಕೈಯಿಂದ ಮಗ ಮುನಿವೆಂಕಟಪ್ಪನ ಕೈಗೆ ಬಂದ ಮೇಲಂತೂ ನನಗೆ ಜಂಬ ತಲೆಗೇರಿತು. ಆ ಸೀಮೆಯಲ್ಲಿ ನಾನಿಲ್ಲದೆ ತಾಳಿ ಕಟ್ಟುತ್ತಿರಲಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಒಂದು ಬೆಳಿಗ್ಗೆ ಮದುವೆಗೆ ಹೊರಟಿದ್ದಾಗ ತಿರುವಿನಲ್ಲಿ ಟೆಂಪೋ ಒಂದು ಅಡ್ಡಾದಿಡ್ಡಿ ನುಗ್ಗಿ ನಮ್ಮ ಮೊಪೆಡ್ಡಿಗೆ ಗುದ್ದಿತು. ಚೀಲದಲ್ಲಿದ್ದ ನನಗೆ ಒಂದು ಗೀರೂ ಬೀಳಲಿಲ್ಲ. ಮುನಿವೆಂಕಟಪ್ಪನ ಬಲಗೈಯ ಎರಡು ಬೆರಳು ಜಜ್ಜಿಹೋದವು. ಗಾಯ ಮಾಯಿತು, ಬೆರಳು ಮಡಚಲಿಲ್ಲ. ನನ್ನ ಕೆಳಗಿನ ತೂತು ಮುಚ್ಚಲಾಗದೆ ಓಲಗ ನಿಂತಿತು. ಪರಿಹಾರಕ್ಕೆ ಕೇಸು ಹಾಕಿದ. ಇನ್ನು ಅದು ಸಿಕ್ಕರೆ ಸಂಸಾರ, ಇಲ್ಲದಿದ್ದರೆ ಇಲ್ಲ.

ಟೆಂಪೋದ ವಿಮಾ ಕಂಪನಿಯ ವಕೀಲರು ಒಪ್ಪಲಿಲ್ಲ. ಈತ ಈಗಲೂ ಚೆನ್ನಾಗಿಯೇ ನುಡಿಸುತ್ತಾನೆ, ಬೇಕಾದರೆ ಇಲ್ಲೇ ನುಡಿಸಲಿ ಎಂದರು. ನ್ಯಾಯಾಧೀಶರು ಹೂಂ ಎಂದರು. ಹಾಗೆ ನಾನೂ ಕೋರ್ಟಿಗೆ ಹೋದೆ.

ನಮ್ಮ ಲಾಯರ್ ಶಾಂತಕುಮಾರಿ ಹೊರಗಡೆಯೇ ಹೇಳಿದ್ದರು: "ಬೆರಳು ಎಷ್ಟು ಬರುತ್ತೋ ಅಷ್ಟು ತೋರಿಸಿ. ಮುಚ್ಚಿಡೋಕೆ ಹೋಗ್ಬೇಡಿ."

"ಆಗ್ಲಮ್ಮ," ಎಂದಿದ್ದ.

ಕಟಕಟೆಯಲ್ಲಿ ನನ್ನನ್ನು ಕಣ್ಣಿಗೊತ್ತಿಕೊಂಡು ತುಟಿಗಿಟ್ಟ. ಜನ ಕೇಳುತ್ತಿರುವಾಗ ಕೆಟ್ಟದಾಗಿ ನುಡಿಸುವುದು ಅವನ ಜಾಯಮಾನದಲ್ಲೇ ಇಲ್ಲ. ಕೆಳಗಿನ ಸ್ವರಗಳ ಕಡೆಗೇ ಹೋಗದೆ ಮೇಲಿನವುಗಳಲ್ಲೇ ಸುತ್ತಾಡಿದ. ಗುಮಾಸ್ತರು ಬರೆಯುವುದನ್ನೇ ಮರೆತರು. ಅಯ್ಯೋ ಪೆದ್ದ, ಕೆಳಗಿಳಿಯೋ, ಕೇಸು ಹೋಯಿತಲ್ಲೋ ಎಂದು ನಾನು ಒಳಗೊಳಗೇ ಬೈದೆ.

"ಸ್ವಾಮಿ, ಇನ್ನೇನು ಸಾಕ್ಷಿ ಬೇಕು?" ಎಂದರು ಆ ವಕೀಲರು. ಶಾಂತಕುಮಾರಿ ತಲೆ ತಗ್ಗಿಸಿದರು.

"ಸಾಕು, ನಿಲ್ಲಿಸಿ," ಎಂದರು ನ್ಯಾಯಾಧೀಶರು.

ಅವನು ನಿಲ್ಲಿಸಲಿಲ್ಲ. ವಾದ್ಯ ಎತ್ತಿದ ಮೇಲೆ ಮಂಗಳ ನುಡಿಸದೆ ಕೆಳಗಿಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಮಂಗಳ ಶುರುವಾಯಿತು. ಅದು ಕೆಳಗಿಳಿಯಲೇಬೇಕು. ಇಳಿಯುವಲ್ಲಿ ತೂತಿನಿಂದ ಬರೀ ಗಾಳಿ ಬುಸ್ಸೆಂದಿತು. ಮತ್ತೆ ಮೊದಲಿನಿಂದ ಹಿಡಿದ, ಮತ್ತೆ ಅಲ್ಲೇ ತಪ್ಪಿತು. ಎಡಗೈಯಿಂದ ಆ ಬೆರಳುಗಳನ್ನು ಒತ್ತಲು ಹೋದ, ಇದ್ದ ಸ್ವರವೂ ಹಾರಿಹೋಯಿತು. ಹಣೆಯ ಬೆವರು ನನ್ನ ಮೇಲೆ ತೊಟ್ಟಿಕ್ಕಿತು. ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದಿಲ್ಲ.

"ಇರ್ಲಿ ಬಿಡಿ ಯಜಮಾನ್ರೇ," ಎಂದರು ನ್ಯಾಯಾಧೀಶರು ಮೆಲ್ಲಗೆ.

ತೀರ್ಪು ಬಂದ ದಿನ ಶಾಂತಕುಮಾರಿ ಓದಿ ಹೇಳಿದರು: ಅರ್ಜಿದಾರ ವಾದ್ಯ ನುಡಿಸಲು ಶಾಶ್ವತವಾಗಿ ಅಸಮರ್ಥ, ಪರಿಹಾರ ಕೊಡತಕ್ಕದ್ದು. "ಗೆದ್ವಿ!" ಎಂದರು.

"ಆ ಅಸಮರ್ಥ ಅನ್ನೋದು ನಮ್ಮನೇಲಿ ಹೇಳ್ಬೇಡ ತಾಯಿ," ಎಂದ.

ಮನೆಗೆ ಬಂದು ಹೆಂಡತಿ ನರಸಮ್ಮನಿಗೆ ಹೇಳಿದ: "ಜಡ್ಜ್ ಸಾಹೇಬ್ರು ನನ್ ವಾದ್ಯ ಕೇಳಿ ಮೆಚ್ಕೊಂಡು ಕೊಟ್ರು ಕಣೇ."

"ಅಂಗಾದ್ರೆ ನನ್ಗೂ ಒಂದ್ ಕಿತ ನುಡ್ಸು."

"ನಾಳೆ ನುಡ್ಸ್ತೀನಿ," ಎಂದು ನನ್ನನ್ನು ಗೋಡೆಯ ಮೊಳೆಗೆ ನೇತುಹಾಕಿದ.

ಆರು ವರ್ಷವಾಯಿತು. ನರಸಮ್ಮ ದಿನಾ ನನ್ನ ಧೂಳು ಒರೆಸುತ್ತಾಳೆ. ನುಡಿಸು ಎಂದು ಮತ್ತೆ ಒಂದು ದಿನವೂ ಕೇಳಲಿಲ್ಲ.