ಕೊಟ್ರಪ್ಪಜ್ಜನ ಎಲೆಯ ತುದಿ

ಕೊಟ್ಟೂರಿನಲ್ಲಿ ಹೀರೋ ಯಾರೆಂದು ಕೇಳಿದರೆ ಟಾಕೀಸಿನ ಪೋಸ್ಟರ್ ತೋರಿಸುವವರನ್ನು ನಂಬಬೇಡಿ. ಪೋಸ್ಟರ್ ಶುಕ್ರವಾರಕ್ಕೊಮ್ಮೆ ಬದಲಾಗುತ್ತದೆ, ಈ ಗವಿಸಿದ್ದೇಶ ಬದಲಾಗುವುದಿಲ್ಲ. ಮುರಿದುಬೀಳುತ್ತಿದ್ದ ಅಕ್ಕನ ಮದುವೆಯನ್ನು ಒಂದೇ ಸೀನಿನಲ್ಲಿ ಎತ್ತಿ ನಿಲ್ಲಿಸಿದವನು ನಾನು. ಸೀಟಿ ಹೊಡೆಯುವುದಿದ್ದರೆ ಈಗಲೇ ಹೊಡೆದುಬಿಡಿ.

ತೊಂಬತ್ತೇಳನೇ ಇಸವಿ. ಅಕ್ಕ ಸುಮಲತಾಗೆ ಚಿಗಟೇರಿಯ ಅರುಣಕುಮಾರ್ ಒಪ್ಪಿಗೆಯಾಗಿದ್ದ. ಅವನಿಗೂ ಅಕ್ಕ ಒಪ್ಪಿಗೆ. ಕೊಟ್ಟೂರಿಗೆ ಬಂದಾಗಲೆಲ್ಲ ಅವನ ಬೈಕು ಸರಿಯಾಗಿ ನಮ್ಮ ಮನೆ ಮುಂದೆಯೇ ಕೆಟ್ಟು ನಿಲ್ಲುತ್ತಿತ್ತು. ಎಲ್ಲ ಸುಸೂತ್ರ ಅನ್ನುವಾಗ ಹುಡುಗನ ದೊಡ್ಡಪ್ಪ ಹಾಲೇಶಪ್ಪ ತಕರಾರು ತೆಗೆದ.

"ನಮ್ಮ ಹುಡುಗನ ಮುತ್ತಜ್ಜ ಬಣಕಾರ ಕೊಟ್ರಪ್ಪ, ಇದ ಕೊಟ್ಟೂರಿಂದ ಚಿಗಟೇರಿಗೆ ಬಂದಾವ. ನಿಮ್ಮ ಹುಡುಗಿ ಮುತ್ತಜ್ಜನೂ ಬಣಕಾರ ಕೊಟ್ರಪ್ಪ ಅಂತೀರಿ. ಇಬ್ರೂ ಒಬ್ಬಾವ ಆದ್ರ ಹುಡುಗ ಹುಡುಗಿ ಅಣ್ಣ ತಂಗಿ ಆಗ್ತಾರ. ಖಾತ್ರಿ ಆಗೋತನ ಎಲಿ ಅಡಿಕಿ ಶಾಸ್ತ್ರ ಇಲ್ಲ!"

ಖಾತ್ರಿ ಮಾಡುವುದು ಹೇಗೆ? ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ "ಬಣಕಾರ ಕೊಟ್ರಪ್ಪಾ" ಎಂದು ಕೂಗಿದರೆ ಡ್ರೈವರ್, ಕಂಡಕ್ಟರ್, ಟಿಕೆಟ್ ಇಲ್ಲದೆ ಹತ್ತಿದವ, ಮೂವರೂ ತಿರುಗಿ ನೋಡುತ್ತಾರೆ. ಮನೆತನದ ಪೀಳಿಗೆಗಳನ್ನು ಬಾಯಲ್ಲೇ ಹೇಳುವ ಹೆಳವರು ಎತ್ತಿನ ಮೇಲೆ ಕೂತು ಊರೂರು ತಿರುಗುತ್ತಾರೆ. ಆದರೆ ನಮ್ಮ ಮನೆಗೆ ಬರುವ ಹೆಳವ ಆ ವರ್ಷ ಸುಗ್ಗಿ ಮುಗಿದರೂ ಪತ್ತೆಯಿಲ್ಲ. ಅವನು ಬಾರದಿದ್ದರೇನು, ಹೊಸ ಹೆಳವನನ್ನು ನಾನೇ ತಯಾರಿಸಿದೆ. ರೇಡಿಯೇಟರ್ ರಿಪೇರಿ ಮಾಡುವ ನನ್ನ ಗೆಳೆಯ ಶೇಖಾವಲಿ.

"ಲೇ ಗವಿ, ನಾ ಸಾಬರ ಹುಡುಗ. ನಿಮ್ಮ ಪೀಳಿಗಿ ನಾ ಹೆಂಗ ಹೇಳ್ಲಿ?"

"ಲೇ ಶೇಖಾ, ಪಾತ್ರ ಸಣ್ಣದಿದ್ರೂ ಎಂಟ್ರಿ ದೊಡ್ಡದಿರಬೇಕು. ರುಮಾಲು ಸುತ್ತು, ಎತ್ತು ಹತ್ತು, ಗಂಟಿ ಬಾರಿಸು. ಡೈಲಾಗ್ ನಂದು!"

ಚಿಗಟೇರಿಯವರು ಕೊನೆಯ ಮಾತಿಗೆ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಬಾಗಿಲಲ್ಲಿ ಗಂಟೆ ಮೊಳಗಿತು.

"ಕೇಳ್ರಿ ಬಣಕಾರ್ರ!" ಎತ್ತಿನ ಮೇಲಿಂದ ಶೇಖಾವಲಿ ಗುಡುಗಿದ. "ಈ ಮನಿ ಕೊಟ್ರಪ್ಪ ಬ್ಯಾರೆ, ಚಿಗಟೇರಿ ಕೊಟ್ರಪ್ಪ ಬ್ಯಾರೆ! ಒಬ್ಬಾವ ಸಿಡಿಲು, ಇನ್ನೊಬ್ಬಾವ ಸಿಡಿಲಿಗೇ ಶಾಕ್ ಕೊಟ್ಟಾವ!"

ಹಾಲೇಶಪ್ಪ ಹೆಳವನ ರುಮಾಲು ನೋಡಲಿಲ್ಲ. ಗ್ರೀಸು ಮೆತ್ತಿದ ಉಗುರು ನೋಡಿದ.

"ಇಳಿಯೋ ಶೇಖಾವಲಿ. ನನ್ನ ಟ್ರ್ಯಾಕ್ಟರ್ ರೇಡಿಯೇಟರ್ ಬಿಚ್ಚಿ ಹಂಗ ಒಗದೀಯ, ಇಲ್ಲಿ ವಂಶ ಜೋಡಸಾಕ ಬಂದಿಯೇನು?"

"ಪಾರ್ಟ್ ಬಂದಿಲ್ರಿ ಯಜಮಾನ್ರ," ಎಂದ ನಮ್ಮ ಹೆಳವ.

ಹಾಲೇಶಪ್ಪ ಟವೆಲ್ ಕೊಡವಿ ಎದ್ದ. "ಸುಳ್ಳು ಹೆಳವನ್ನ ತರ್ಸೀರಿ ಅಂದ್ರ ಒಳಗ ಏನೋ ಐತಿ ಅಂತನ ಅರ್ಥ. ಏಳೋ ಅರುಣ, ಏಳವ್ವ, ಹೋಗೂನು."

ಅರುಣಕುಮಾರ್ ಏಳಲಿಲ್ಲ. ನಮ್ಮಪ್ಪ ತಲೆ ಎತ್ತಲಿಲ್ಲ. ಆಗ ಒಳಗಿಂದ ಅಕ್ಕ ಬಂದಳು. ಸೀದಾ ಹಾಲೇಶಪ್ಪನ ತಾಯಿ ತಿಪ್ಪೇರುದ್ರಮ್ಮನ ಮುಂದೆ ಕೂತಳು.

"ಅಜ್ಜಿ, ಹಿರಿಯರ ಹಬ್ಬಕ್ಕ ನಿಮ್ಮ ಕೊಟ್ರಪ್ಪಜ್ಜಗ ಎಡಿ ಹೆಂಗ ಇಡ್ತೀರಿ?"

"ರೊಟ್ಟಿ ಮುರಿದು ಚೂರು ಮಾಡಿ ಇಡ್ತೀವವ್ವ. ನಾ ಸೊಸಿಯಾಗಿ ಬರೂಕಿಂತ ಮೊದ್ಲ ತೀರಿಕೊಂಡಾರ. ಸಣ್ಣಾವಿದ್ದಾಗನ ಗಾಣದಾಗ ಅವರದೊಂದು ಕೈ ಹೋಗಿತ್ತಂತ. ಒಂದ ಕೈಲೆ ರೊಟ್ಟಿ ಹೆಂಗ ಮುರೀತಾರ?"

"ನಾವು ರೊಟ್ಟಿ ಇಡಿಯಾಗಿ ಇಡ್ತೀವಿ. ಎಲಿ ಮಾತ್ರ ತಿರುವಿ ಹಾಕ್ತೀವಿ, ತುದಿ ಬಲಕ್ಕ. ನಮ್ಮಜ್ಜ ಎಡಚ, ಎಡಗೈಲೆ ಉಣ್ತಿದ್ರಂತ."

ಹಾಲೇಶಪ್ಪ ಚಪ್ಪಾಳೆ ತಟ್ಟಿದ. "ಸಿಕ್ತು ನೋಡ್ರಿ! ನಿಮ್ಮಜ್ಜ ಎಡಚನೂ ಅಲ್ಲ, ಏನೂ ಅಲ್ಲ. ಗಾಣದಾಗ ಹೋಗಿದ್ದು ಬಲಗೈ, ಅದಕ್ಕ ಎಡಗೈಲೆ ಉಂಡಾನ. ರೊಟ್ಟಿ ಮುರಿಯೂದು ನೀವು ಮರ್ತೀರಿ. ಇಬ್ರೂ ಒಬ್ಬಾವನ!"

ಅಕ್ಕನ ಉಪಾಯ ಅಕ್ಕನಿಗೇ ತಿರುಗಿಬಿತ್ತು. ಅಜ್ಜಿ ಮಾತ್ರ ಬಾಯಲ್ಲಿದ್ದ ಅಡಿಕೆಯನ್ನು ಆಚೆ ಕೆನ್ನೆಗೆ ತಳ್ಳಿ ಮಗನನ್ನು ದಿಟ್ಟಿಸಿದಳು.

"ಲೇ ಹಾಲೇಶ, ಎಂದಾರ ಎಡಿ ಇಟ್ಟೀಯೇನು ನೀನು? ನಮ್ಮನ್ಯಾಗ ಎಲಿ ತುದಿ ಎಲ್ಲಾರಂಗ ಎಡಕ್ಕ ಇರ್ತೈತಿ. ಅಂದ್ರ ನಮ್ಮಾವ ಬಲಗೈಲೆ ಉಂಡಾನ, ಹೋಗಿದ್ದು ಎಡಗೈ. ನನ್ನತ್ತಿ ಅವನಿಗೆ ದಿನಾ ನೀಡಿದಾಕಿ. ರೊಟ್ಟಿ ಮುರಿಯೂದು ನೆನಪಿಟ್ಟಾಕಿ ಎಲಿ ತಿರುವೂದು ಮರಿತಿದ್ಲೇನು?"

ಹಾಲೇಶಪ್ಪ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅವನ ಟವೆಲ್ ಹಿಡಿದೆಳೆದಳು.

"ಕುಂದ್ರು ಸುಮ್ನ. ಕೊಟ್ರಪ್ಪರು ಇಬ್ರು. ಎಲಿ ಅಡಿಕಿ ತರ್ರಿ!"

ಹಾಲೇಶಪ್ಪ ಕೂತ. ಸಿಟ್ಟೆಲ್ಲ ಶೇಖಾವಲಿ ಮೇಲೆ ತಿರುಗಿತು. "ಮದುವಿ ದಿಬ್ಬಣ ಅದ ಟ್ರ್ಯಾಕ್ಟರಿನ್ಯಾಗ ಬರಬೇಕು. ತಿಳೀತೇನು?"

ಸೀಟಿ ಹೊಡೆದವರು ಈಗ ವಾಪಸು ತಗೊಳ್ಳಿ. ಇದನ್ನೆಲ್ಲ ನಾನು ಪಡಸಾಲೆಯಲ್ಲಿ ಎದೆ ಉಬ್ಬಿಸಿ ನಿಂತು ನೋಡಲಿಲ್ಲ. ಹಾಲೇಶಪ್ಪ ಟವೆಲ್ ಕೊಡವಿದ ಕ್ಷಣವೇ ಓಡಿಹೋಗಿ ಕೊಟ್ಟಿಗೆಯ ಮೇವಿನ ರಾಶಿಯ ಹಿಂದೆ ಅಡಗಿದ್ದೆ. ಕಂಡದ್ದು, ಕೇಳಿದ್ದು ಎಲ್ಲ ಗೋಡೆಯ ಕಿಂಡಿಯಿಂದ. ಎಲೆ ಯಾಕೆ ತಿರುಗಿರುತ್ತದೆ ಎಂಬುದೂ ನನಗೆ ಗೊತ್ತಾದದ್ದು ಅಲ್ಲೇ. ಪ್ರತಿ ಹಬ್ಬಕ್ಕೂ ಅಮ್ಮ ಅದನ್ನು ಹೇಳುವಾಗ ಅಕ್ಕ ಕೇಳುತ್ತಿದ್ದಳು, ನನ್ನ ಕಣ್ಣು ಹೋಳಿಗೆ ಮೇಲಿರುತ್ತಿತ್ತು.

ಎಲೆ ಅಡಿಕೆ ಮುಗಿದ ಮೇಲೆ ಅಕ್ಕ ಕೊಟ್ಟಿಗೆಗೆ ಬಂದಳು. ತಲೆಯ ಮೇಲಿನ ಮೇವು ತೆಗೆದು ನನ್ನ ಬಾಯಿಗೆ ಒಂದು ಪೇಡೆ ತುರುಕಿದಳು.

"ಬಾರೋ ಹೀರೋ, ಪಿಚ್ಚರ್ ಮುಗೀತು. ಕೇಳದ ತಂದೀಯಲ್ಲ ಎತ್ತು, ಅದರ ಮಾಲಕ ಬಾರಕೋಲು ಹಿಡ್ಕಂಡು ಬಾಗಲಾಗ ನಿಂತಾನ."