ಅತ್ತೆಯ ಹೊಸ ಫೋನು

ನನ್ನ ಫೋನಿನ ಮುಂದಿನ ಕ್ಯಾಮೆರಾ ಕೆಟ್ಟ ದಿನದಿಂದ ವಿಡಿಯೋ ಕರೆಯಲ್ಲಿ ನನ್ನ ತಮ್ಮ ಡೆಲ್ಬರ್ಟ್ ನನಗೆ ಕಾಣುತ್ತಿದ್ದ, ನಾನು ಅವನಿಗೆ ಕಾಣುತ್ತಿರಲಿಲ್ಲ. ಅವನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಓಹಿಯೋದ ಕಾರ್ಖಾನೆಯೊಂದರಲ್ಲಿ ಕೆಲಸ. ಸಂಜೆ ಅಡುಗೆ ಮಾಡುತ್ತಾ ಫೋನನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು ನನ್ನೊಡನೆ ಕೈಯಲ್ಲೇ ಹರಟುವುದು ಅವನ ರೂಢಿ. ಈಗ ಅವನು ಕೈ ಆಡಿಸಬೇಕು, ನಾನು ಟೈಪ್ ಮಾಡಬೇಕು. ನಮ್ಮ ಜಗಳಕ್ಕೂ ರುಚಿ ಹೋಗಿತ್ತು.

ನಮ್ಮ ವೆಸ್ಟ್ ವರ್ಜೀನಿಯಾದ ಬೆಟ್ಟಕ್ಕೆ ಇಂಟರ್ನೆಟ್ ಕೇಬಲ್ ಹತ್ತಿಲ್ಲ, ಬುಡದ ಚರ್ಚಿನ ಹತ್ತಿರವೇ ನಿಂತುಬಿಟ್ಟಿದೆ. ಹಾಗಾಗಿ ಇರುವುದೆಲ್ಲ ನನ್ನ ಫೋನಿನ ಹಳೆಯ ಅನ್‌ಲಿಮಿಟೆಡ್ ಡೇಟಾ ಪ್ಲಾನ್. ಕಂಪನಿ ಅದನ್ನು ಹೊಸಬರಿಗೆ ಕೊಡುವುದನ್ನು ನಿಲ್ಲಿಸಿ ವರ್ಷಗಳಾದವು. ಇದ್ದವರ ಕೈಯಿಂದ ಕಿತ್ತುಕೊಳ್ಳಲು ಹೊಂಚು ಹಾಕುತ್ತಲೇ ಇದೆ.

ಪೇಟೆಯಲ್ಲಿರುವ ಆ ಕಂಪನಿಯ ಅಂಗಡಿಯ ಬ್ರೇಡನ್ ಎಂಬ ಹುಡುಗ ನಯವಾಗಿಯೇ ಹೇಳಿದ. ರಿಯಾಯಿತಿಯಲ್ಲಿ ಹೊಸ ಫೋನು ಬೇಕಾದರೆ ಹಳೆಯ ಪ್ಲಾನ್ ಬಿಡಬೇಕು, ಬಿಡದಿದ್ದರೆ ಪೂರ್ತಿ ಬೆಲೆ ಕೊಡಬೇಕು. ಸ್ಕೂಲ್ ಬಸ್ ಓಡಿಸುವ ನನಗೆ ಆ ಬೆಲೆ ಎಟುಕುವಂಥದ್ದಲ್ಲ.

"ಮೇಡಂ, ಒಬ್ಬರಿಗೆ ಅಷ್ಟೊಂದು ಡೇಟಾ ಯಾಕೆ ಬೇಕು ಹೇಳಿ?" ಎಂದು ಬೇರೆ ಕೇಳಿದ. ಮೈಯೆಲ್ಲ ಉರಿದುಹೋಯಿತು. ಎದ್ದು ಬಂದೆ.

ಮನೆಯಲ್ಲಿ ನನ್ನ ಅತ್ತೆ ಓಪಲ್ ಬೀನ್ಸ್ ಬೇಯಿಸುತ್ತಿದ್ದರು. ಅವರದು ಮಡಚುವ ಫೋನು, ಚರ್ಚಿನ ಗೆಳತಿಯರ ಜೊತೆ ಮಾತಿಗೆ ಮಾತ್ರ. ಅವರ ನಂಬರೂ ನನ್ನದೂ ಮನೆಯ ಒಂದೇ ಖಾತೆಯಲ್ಲಿವೆ. ನನ್ನ ಕೂಗಾಟವೆಲ್ಲ ಮುಗಿಯಲಿ ಎಂದು ಕಾದರು.

"ನನ್ನ ನಂಬರಿಗೂ ರಿಯಾಯ್ತೀಲಿ ಹೊಸ ಫೋನ್ ಕೊಡ್ತೀವಿ ಅಂತ ಚೀಟಿ ಕಳಿಸ್ತಾನೇ ಇರ್ತಾರೆ, ಒಲೆಗೆ ಹಾಕ್ತಿದ್ದೆ. ಈ ಸಲ ತಗೋತೀನಿ ಬಿಡು. ಫೋನ್ ನೀನಿಟ್ಕೊ, ಸಿಮ್ ಚಿಪ್ ಅದಲುಬದಲು ಮಾಡು. ಅವರಿಗ್ಯಾಕೆ ಬಗ್ಗಬೇಕು?"

ಶನಿವಾರ ಅತ್ತೆ ಚರ್ಚಿನ ಟೋಪಿ ಇಟ್ಟುಕೊಂಡು ಅಂಗಡಿಗೆ ಬಂದರು. ಮುಂದಿನ ಕ್ಯಾಮೆರಾ ಯಾವುದರದು ಚೆನ್ನಾಗಿದೆ ಎಂದು ಒಂದೊಂದನ್ನೂ ವಿಚಾರಿಸಿದರು. ಅವರ ನಂಬರಿಗೆ ಸಣ್ಣದೊಂದು ಡೇಟಾ ಪ್ಲಾನ್ ಹಚ್ಚಬೇಕೆಂದು ಹುಡುಗ ಹೇಳಿದಾಗ ಹಚ್ಚಪ್ಪ ಎಂದರು. ಬ್ರೇಡನ್ ಖುಷಿಯಿಂದ ಡಬ್ಬಿ ಕೈಗಿಟ್ಟ. ನಾನು ಅವನ ಕಣ್ಣೆದುರೇ ನನ್ನ ಹಳೆಯ ಫೋನಿನ ಚಿಪ್ ತೆಗೆದು ಹೊಸದಕ್ಕೆ ಹಾಕಿದೆ, ಅತ್ತೆಯ ಚಿಪ್ ಅನ್ನು ಅವರ ಮಡಚುವ ಫೋನಿನಲ್ಲೇ ಬಿಟ್ಟೆ.

ಹೀಗೆಲ್ಲ ಮಾಡುವ ಹಾಗಿಲ್ಲವೇನೋ ಎಂದು ಅವನು ತಡವರಿಸಿದ. ಮೇಲಿನವರನ್ನು ಕೇಳು ಎಂದೆ. ಫೋನಿನಲ್ಲಿ ಬಹಳ ಹೊತ್ತು ಗುಸುಗುಸು ನಡೆಸಿ, ಮುಖ ಸಣ್ಣದು ಮಾಡಿಕೊಂಡು ಬಂದ.

"ಸದ್ಯಕ್ಕೆ ತಡೆಯೋಕಾಗಲ್ವಂತೆ ಮೇಡಂ. ಆದ್ರೆ ಬೇಗ ನಿಲ್ಲಿಸ್ತಾರೆ."

"ನಿಲ್ಲಿಸೋ ದಿನ ನೋಡ್ಕೊಳ್ಳೋಣ. ಅಲ್ಲೀವರೆಗೆ ಇದು ನಂದೇ."

ನನ್ನ ನಂಬರಿನ ಪ್ಲಾನ್ ಹಾಗೇ ಇದೆಯೆಂದು ಅವನ ಪರದೆಯಲ್ಲೇ ನೋಡಿ ಖಾತ್ರಿ ಮಾಡಿಕೊಂಡೆ. ಆಮೇಲೆ ಅಲ್ಲಿಂದಲೇ ಡೆಲ್ಬರ್ಟ್‌ಗೆ ವಿಡಿಯೋ ಕರೆ ಮಾಡಿದೆ. ನನ್ನ ಮುಖ ಕಂಡದ್ದೇ ಅವನು ಸೌಟು ಕೆಳಗಿಟ್ಟ. ಕೈಗಳು ನಿಲ್ಲಲೇ ಇಲ್ಲ. ನಾನೂ ಬಿಡಲಿಲ್ಲ, ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಕೈಯಾರೆ ಬೈದೆ. ಕಣ್ಣು ತುಂಬಿ ಬಂತು.

ಬ್ರೇಡನ್ ನೋಡುತ್ತ ನಿಂತಿದ್ದ. ಏನಾದರೂ ತುರ್ತಿನ ವಿಷಯವೇ ಎಂದು ಅತ್ತೆಯನ್ನು ಮೆಲ್ಲಗೆ ಕೇಳಿದ. ಅತ್ತೆಗೆ ಕೈಭಾಷೆ ಅಲ್ಪಸ್ವಲ್ಪ ಬರುತ್ತದೆ.

"ಮೊಟ್ಟೆ ತಳ ಹತ್ತಿತಂತೆ."

"ಇಷ್ಟಕ್ಕಾ?"

"ಇಷ್ಟಕ್ಕೇ. ನೀನು ನಿಮ್ಮಮ್ಮನ ಹತ್ರ ಮಾತಾಡುವಾಗ ಎಷ್ಟು ಖರ್ಚಾಯ್ತು ಅಂತ ಅಳೀತಾ ಕೂರ್ತೀಯೇನಪ್ಪಾ?"

ಡೆಲ್ಬರ್ಟ್ ಇನ್ನೊಂದು ಮೊಟ್ಟೆ ಒಡೆದ. ನಾನು ಫೋನನ್ನು ಕೌಂಟರಿನ ಮೇಲೆ ಒರಗಿಸಿ ನಿಲ್ಲಿಸಿದೆ, ನನ್ನ ಎರಡೂ ಕೈ ಅವನಿಗೆ ಕಾಣುವಂತೆ ಕುರ್ಚಿ ಎಳೆದುಕೊಂಡು ಕೂತೆ.