ನಾಲ್ಕನೆಯ ದನಿ

ಅಮ್ಮ ಅಡುಗೆಮನೆಯಿಂದ ಓಡಿ ಬಂದ ರಭಸಕ್ಕೆ ಲೋಟದ ನೀರು ಅರ್ಧ ನೆಲಕ್ಕೆ ಚೆಲ್ಲಿತು. ಬಾಗಿಲಲ್ಲಿ ನಿಂತು ಗೋಡೆ ಪಕ್ಕದ ಖಾಲಿ ಮಂಚವನ್ನು ನೋಡಿದಳು. ಆಮೇಲೆ ಮೇಜಿನ ಮುಂದೆ ಕೂತ ಮಗಳನ್ನು.

"ಅವರು ಎದ್ರು, ನೀರು ಕೇಳ್ತಾರೆ ಅಂದ್ಕೊಂಡೆ."

ಮಗಳು ತಟ್ಟನೆ ಸ್ವಿಚ್ ಆರಿಸಿದಳು; ಸುಯ್ಯೆನ್ನುತ್ತಿದ್ದ ಸದ್ದು ನಿಂತಿತು. ಅಪ್ಪ ಹೋಗಿ ತಿಂಗಳಾಗಿತ್ತು.

ಮೇಜಿನ ಮೇಲಿದ್ದದ್ದು ಒಂದು ತಗಡಿನ ಪೆಟ್ಟಿಗೆ. ಗುಜರಿಗೆ ಬಿದ್ದಿದ್ದ ವಿಡಿಯೋ ಗೇಮಿನಿಂದ ಧ್ವನಿ ಹೊರಡಿಸುವ ಚಿಪ್ ಅನ್ನು ಕಿತ್ತು, ಅದರೊಳಗೆ ಬೆಸೆದು, ಅವಳು ಸಂಗೀತ ಕಟ್ಟುತ್ತಿದ್ದಳು. ಆ ಚಿಪ್‌ಗೆ ನಾಲ್ಕೇ ದನಿ. ಮೂರು ಸ್ವರ ಹಿಡಿಯುತ್ತವೆ. ನಾಲ್ಕನೆಯದಕ್ಕೆ ಸ್ವರವೇ ಗೊತ್ತಿಲ್ಲ, ಬರೀ ಸುಯ್ಯೆನ್ನುವ ಗಾಳಿ. ಆಟದಲ್ಲಿ ಗುಂಡು ಹಾರುವುದು, ಗೋಡೆ ಕುಸಿಯುವುದು ಅದರ ಪಾಲಿನ ಕೆಲಸ. ಅಪ್ಪ ಇದನ್ನೆಲ್ಲ ಸೊಳ್ಳೆ ಸಂಗೀತ ಎನ್ನುತ್ತಿದ್ದ. ಕಾರುಗಳಿಗೆ ಬಣ್ಣ ಸಿಂಪಡಿಸಿ ಸಿಂಪಡಿಸಿ ಶ್ವಾಸಕೋಶ ಹಾಳಾಗಿ ಮಲಗಿದ ಮೇಲೂ, ನಡುನಡುವೆ ಉಸಿರೆಳೆದುಕೊಳ್ಳುತ್ತ, "ಏನಮ್ಮಾ, ನಿನ್ನ ಸೊಳ್ಳೆಗಳಿಗೆ... ಇವತ್ತೂ ಹೊಟ್ಟೆ ತುಂಬ್ಲಿಲ್ವಾ?" ಎಂದು ಕೆಣಕುತ್ತಿದ್ದ.

ಈ ಹೊಸ ರಚನೆಯನ್ನು ಅವಳು ಅಪ್ಪ ಮಲಗಿದ್ದ ದಿನಗಳಲ್ಲಿ ಆ ಮಂಚದ ಪಕ್ಕದಲ್ಲೇ ಕೂತು ಮಾಡಿದ್ದಳು. ನಾಲ್ಕನೆಯ ದನಿಗೆ ಏರಿಳಿತ ಕೊಡುವಾಗ, ಕಿವಿಗೆ ಸರಿಯೆನಿಸಿದ ಕಡೆ ನಿಲ್ಲಿಸಿದ್ದಳು. ಯಾಕೆ ಸರಿಯೆನಿಸಿತೆಂದು ಕೇಳಿಕೊಂಡಿರಲಿಲ್ಲ. ಇವತ್ತು ಸಂಜೆ ಅದನ್ನು ಸಭಾಂಗಣದಲ್ಲಿ ನುಡಿಸಬೇಕಿತ್ತು. ವರ್ಷಗಟ್ಟಲೆ ಕಾದು ಸಿಕ್ಕಿದ ಮೊದಲ ವೇದಿಕೆ.

"ಮತ್ತೆ ಹಾಕು," ಎಂದಳು ಅಮ್ಮ.

"ಬೇಡಮ್ಮ. ಅದು ಅಪ್ಪನ ಉಸಿರಿನ ಥರ ಆಗಿದೆ ಅಂತ ನಂಗೇ ಗೊತ್ತಾಗಿರ್ಲಿಲ್ಲ. ತೆಗ್ದುಬಿಡ್ತೀನಿ ಅದನ್ನ."

"ತೆಗೆಯೋದು ಆಮೇಲೆ. ಆ ಟುಂಯ್ ಟುಂಯ್ ನಿಲ್ಸಿ ಅದೊಂದನ್ನೇ ಹಾಕು."

ಮಗಳು ಮೂರು ದನಿಗಳನ್ನು ಅಡಗಿಸಿದಳು. ಗಾಳಿಯೊಂದೇ ಉಳಿಯಿತು. ಅಮ್ಮ ಮಂಚದ ಅಂಚಿನಲ್ಲಿ ಕೂತು ತಲೆ ಓರೆ ಮಾಡಿ ಕೇಳಿದಳು.

"ಇಷ್ಟು ಅವಸರ ಇರ್ಲಿಲ್ಲ ಅವರಿಗೆ."

ಮಗಳು ಪೆಟ್ಟಿಗೆಯ ಗುಂಡಿ ತಿರುಗಿಸಿದಳು.

"ಇನ್ನೂ ನಿಧಾನ. ಹಾಂ. ಒಳಗೆ ಎಳ್ಕೊಂಡ್ಮೇಲೆ ಒಂದ್ ಚೂರು ತಡೀತಿತ್ತು, ನೆನಪಿಲ್ವೇನೆ? ಬಿಡ್ತಾರೋ ಇಲ್ವೋ ಅಂತ ಕಾಯ್ತಾ ಕೂತಿರ್ತಿದ್ದೆ."

ನೆನಪಿತ್ತು. ಅವಳು ಆ ತಡೆಯನ್ನೂ ಇಟ್ಟಳು. ಅಮ್ಮ ಅಪ್ಪನ ದಿಂಬಿಗೆ ತಲೆ ಕೊಟ್ಟಳು. ಅವನು ಹೋದಾಗಿನಿಂದ ನಿದ್ದೆಮಾತ್ರೆಗೂ ಬಗ್ಗದಿದ್ದ ಕಣ್ಣು ತಾನಾಗಿ ಮುಚ್ಚಿತು, ಬಾಯಿ ತುಸು ತೆರೆಯಿತು.

ಕೆಳಗೆ ವ್ಯಾನಿನ ಹಾರ್ನ್ ಆಯಿತು. ಸ್ವಲ್ಪ ಹೊತ್ತಿಗೆ ಸಭಾಂಗಣದ ಸೌಂಡಿನವನೇ ಮೆಟ್ಟಿಲು ಹತ್ತಿ ಬಂದ.

"ಏನಕ್ಕಾ, ಇನ್ನೂ ಮುಗೀಲಿಲ್ವಾ ನಿಮ್ ಪೆಟ್ಟಿಗೆ ಸಿಂಗಾರ?" ಎಂದವನು ಮಂಚ ನೋಡಿ ದನಿ ತಗ್ಗಿಸಿದ. "ಈಗ ಹೊರಡ್ಲಿಲ್ಲಾಂದ್ರೆ ನಿಮ್ ಜಾಗ ಬೇರೆಯವ್ರಿಗೆ ಕೊಡ್ತಾರೆ."

"ಅಮ್ಮ ಮಲಗಿದಾಳೆ. ಇದು ನಿಂತ್ರೆ ಏಳ್ತಾಳೆ."

"ಅಷ್ಟೇನಾ? ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಅದನ್ನ ಹಾಕಿಟ್ಟು ಬನ್ನಿ. ಕೆಳಗಿರ್ತೀನಿ."

ಅವಳು ಹಾಗೇ ಮಾಡಿ ಪೆಟ್ಟಿಗೆಯ ದನಿ ತಗ್ಗಿಸಿದಳು. ದಿಂಬಿನ ಬಳಿ ಫೋನು ಉಸಿರಾಡತೊಡಗಿತು, ತೆಳ್ಳಗೆ, ಬೇರೆ ಯಾರದೋ ಎದೆಯಿಂದ ಬಂದಂತೆ. ಅಮ್ಮನ ಹುಬ್ಬು ಗಂಟಿಕ್ಕಿತು. ಮಗಳು ಫೋನನ್ನು ನಿಲ್ಲಿಸಿ ಪೆಟ್ಟಿಗೆಯ ದನಿಯನ್ನೇ ಮತ್ತೆ ಏರಿಸಿದಳು.

ಮತ್ತೆ ಹಾರ್ನ್. ಅವಳು ಪೆಟ್ಟಿಗೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಆರಿಸುವುದಾದರೆ ಉಸಿರು ಪೂರ್ತಿ ಹೊರಗೆ ಹೋದ ಮೇಲೆಯೇ ಆರಿಸಬೇಕು ಎಂದುಕೊಂಡಳು. ತಡೆ ಬಂತು. ನಿದ್ದೆಯಲ್ಲೇ ಅಮ್ಮನ ಬೆರಳುಗಳು ಹೊದಿಕೆಯನ್ನು ಬಿಗಿಯಾಗಿ ಹಿಡಿದವು. ಗಾಳಿ ಹೊರಗೆ ಹೋಯಿತು; ಬೆರಳುಗಳು ಸಡಿಲವಾದವು.

ಇನ್ನೊಂದು ಸಲ ಆಗಲಿ ಎಂದು ಕಾದಳು. ಆಮೇಲೆ ಇನ್ನೊಂದು ಸಲ.

ಕೆಳಗೆ ವ್ಯಾನು ಹೊರಟ ಸದ್ದು ಕೇಳಿಸಿತು. ಹೊದಿಕೆಯ ಮೇಲೆ ಅಮ್ಮನ ಬೆರಳುಗಳು ಮತ್ತೆ ಬಿಗಿಯುತ್ತಿದ್ದವು.